ಗೇಟ್ ತೆಗೆಯುತ್ತಾರೆ ಅಂದರೆ ಏನು? ದಾವಣಗೆರೆಯಲ್ಲಿ ಹಳಿ ದಾಟುವ ಲೆಕ್ಕ

"ಗೇಟ್ ತೆಗೀತಾರಂತೆ" ಅನ್ನುವ ಮಾತಿಗೆ ದಾವಣಗೆರೆಯಲ್ಲಿ ಎರಡು ಅರ್ಥ. ರೈಲು ದಾಟಿತು, ಕಂಬ ಮೇಲೇಳುತ್ತದೆ, ಬೈಕ್ ಸ್ಟಾರ್ಟ್ ಮಾಡಿಕೊಳ್ಳಿ ಅನ್ನುವುದು ಒಂದು. ಗೇಟನ್ನೇ ಕಿತ್ತು ಹಾಕಿ ರಸ್ತೆಯನ್ನು ಕಾಯಂ ಬಂದ್ ಮಾಡುತ್ತಾರೆ ಅನ್ನುವುದು ಇನ್ನೊಂದು. "ಲೆವೆಲ್ ಕ್ರಾಸಿಂಗ್ ತೆರವು" ಎಂದು ಪತ್ರಿಕೆಯಲ್ಲಿ ಬಂದಾಗ ಜನರಿಗೆ ಗೊಂದಲ ಆಗುವುದು ಇಲ್ಲೇ. ತೆರವು ಅಂದರೆ ದಾರಿ ಸಲೀಸಾಯಿತು ಅಂತ ಕೆಲವರು ಖುಷಿ ಪಡುತ್ತಾರೆ. ಇನ್ನು ನಾನು ಎಲ್ಲಿ ಸುತ್ತು ಹಾಕಿಕೊಂಡು ಹೋಗಬೇಕಪ್ಪಾ ಅಂತ ಉಳಿದವರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಇಬ್ಬರ ಮಾತಿನಲ್ಲೂ ನಿಜ ಇದೆ. ಗೇಟ್ ಹೋದರೆ ಕಾರಿನವರಿಗೆ ಆಗುವುದು ಒಂದು, ನಡೆದು ಹೋಗುವವರಿಗೆ ಆಗುವುದು ಇನ್ನೊಂದು. ಅದು ಯಾಕೆ ಹಾಗೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಈ ಸುದ್ದಿ ಈಗ ಯಾಕೆ ಜಾಸ್ತಿ

ದೇಶದ ಬ್ರಾಡ್‌ಗೇಜ್ (ಅಗಲ ಅಳತೆಯ) ಹಳಿಗಳ ಮೇಲಿದ್ದ ಕಾವಲುಗಾರರಿಲ್ಲದ ಗೇಟ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ರೈಲ್ವೆ ಇಲಾಖೆ ತೆಗೆದುಹಾಕಿತು. ಉಳಿದದ್ದು ಗೇಟ್‌ಮನ್ ಇರುವ ಗೇಟ್‌ಗಳು. 2025ರ ಹೊತ್ತಿಗೆ ಅವು ಸುಮಾರು 17 ಸಾವಿರ. ಕಾವಲಿಗೆ ಮನುಷ್ಯ ಇದ್ದಾನಲ್ಲ, ಇನ್ನೇನು ಭಯ ಅನ್ನುವ ಭಾವನೆ ಇತ್ತು.

2025ರ ಜುಲೈ 8ರಂದು ಅದು ಒಡೆಯಿತು. ತಮಿಳುನಾಡಿನ ಕಡಲೂರು ಹತ್ತಿರದ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನ್‌ಗೆ ರೈಲು ಬಡಿದು ಮೂವರು ಮಕ್ಕಳು ಸತ್ತರು. ಅಲ್ಲಿ ಗೇಟ್ ಇತ್ತು, ಗೇಟ್‌ಮನ್ ಕೂಡ ಇದ್ದ. ಆದರೆ ಗೇಟಿಗೂ ಸಿಗ್ನಲ್ಲಿಗೂ ಕೊಂಡಿ ಇರಲಿಲ್ಲ. ಗೇಟ್ ಹಾಕದಿದ್ದರೂ ರೈಲು ಬರಬಹುದಾದ ವ್ಯವಸ್ಥೆ ಅದು.

ಇಂಥ ಗೇಟ್‌ನಲ್ಲಿ ಎಲ್ಲವೂ ಫೋನ್ ಮೇಲೆ ನಡೆಯುತ್ತದೆ. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ರೈಲು ಬರುತ್ತಿದೆ, ಗೇಟ್ ಹಾಕು ಎನ್ನುತ್ತಾರೆ. ಗೇಟ್‌ಮನ್ ಹಾಕಿ, ಬೀಗ ಜಡಿದು, ತನ್ನ ಹತ್ತಿರ ಇರುವ ಹಾಳೆಯಿಂದ ಒಂದು ಅಂಕಿ ಓದುತ್ತಾನೆ. ಅದಕ್ಕೆ ಪ್ರೈವೇಟ್ ನಂಬರ್ ಅನ್ನುತ್ತಾರೆ. ಆ ಅಂಕಿಯನ್ನು ಸ್ಟೇಷನ್ ಮಾಸ್ಟರ್ ಪುಸ್ತಕದಲ್ಲಿ ಬರೆದುಕೊಂಡು ಸಿಗ್ನಲ್ ಕೊಡುತ್ತಾರೆ. ಗೇಟ್ ಬಿದ್ದಿದೆ ಅನ್ನುವುದಕ್ಕೆ ಆ ಅಂಕಿಯೇ ಸಾಕ್ಷಿ. ಗೇಟ್ ಹಾಕದೆ ಅಂಕಿ ಓದಿದರೆ? ಅದನ್ನು ತಡೆಯುವ ಯಂತ್ರ ಏನೂ ಇಲ್ಲ.

ಆ ಅಪಘಾತದ ಬೆನ್ನಿಗೇ ಹೊಸ ಸೂಚನೆಗಳು ಬಂದವು. ಎಲ್ಲ ಗೇಟ್‌ಗಳಿಗೂ ಸಿಸಿಟಿವಿ, ಫೋನ್ ಮಾತುಕತೆಯ ರೆಕಾರ್ಡಿಂಗ್ ತಪಾಸಣೆ, ಸಿಗ್ನಲ್ ಜೊತೆ ಗೇಟ್ ಜೋಡಿಸುವ ಕೆಲಸವನ್ನು ಕಡಿಮೆ ಸಂಚಾರದ ಗೇಟ್‌ಗಳಿಗೂ ವಿಸ್ತರಿಸುವುದು, ಸೇತುವೆ ಕಟ್ಟಿ ಗೇಟ್ ತೆಗೆಯುವ ಕೆಲಸಕ್ಕೆ ಚುರುಕು ಮುಟ್ಟಿಸುವುದು. ಕಡಲೂರಿನ ಅಪಘಾತಕ್ಕೂ ದಾವಣಗೆರೆ, ಹರಿಹರ, ಮಾಯಕೊಂಡದ ಕಡೆಯ ಗೇಟ್ ಸುದ್ದಿಗೂ ಸಂಬಂಧ ಇರುವುದು ಹೀಗೆ.

ಹಳಿ ಮೊದಲು, ಈಗಿನ ಊರು ಆಮೇಲೆ

ಊರಿನ ನಡುವೆ ರೈಲು ತಂದವರು ಯಾರು ಅಂತ ಬೈಯುವವರಿದ್ದಾರೆ. ನಿಜ ಹೇಳಬೇಕೆಂದರೆ ರೈಲು ಊರಿನ ನಡುವೆ ಬರಲಿಲ್ಲ. ಊರೇ ರೈಲಿನ ಎರಡೂ ಕಡೆಗೆ ಹರಡಿಕೊಂಡಿತು.

ದಾವಣಗೆರೆಯ ಪೇಟೆ ರೈಲಿಗಿಂತ ಹಳೆಯದು. ಹೈದರ್ ಅಲಿ ಈ ಊರನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಾಗೀರಾಗಿ ಕೊಟ್ಟ, ಆತ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ ಎಂದು ಹಳೆಯ ಗೆಜೆಟಿಯರ್‌ಗಳು ಬರೆಯುತ್ತವೆ. 1876–78ರ ಭೀಕರ ಬರದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತರು. ಒಂದು ಕಡೆ ಕಾಳು ಇದ್ದರೂ ಇನ್ನೊಂದು ಕಡೆಗೆ ಸಾಗಿಸಲು ದಾರಿ ಇರಲಿಲ್ಲ. ರೈಲಿನ ಕೆಲಸಕ್ಕೆ ಅವಸರ ಬಂದದ್ದು ಆ ಪಾಠದಿಂದ. ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ (ಒಂದು ಮೀಟರ್ ಅಗಲದ) ಹಳಿ 1884ರಲ್ಲಿ ತುಮಕೂರು ದಾಟಿ ಗುಬ್ಬಿ ತಲುಪಿತು. ಆಮೇಲೆ ತಿಪಟೂರು, ಬೀರೂರು ಮೇಲೆ ಹಾದು 1889ರಲ್ಲಿ ಹರಿಹರಕ್ಕೆ ಬಂತು. ಕೆಲಸ ನೋಡಿಕೊಂಡದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ್ಯ, ಹುಬ್ಬಳ್ಳಿ, ಪುಣೆ.

ಆಗ ಹಳಿ ಹಾಕಿದ್ದು ಪೇಟೆಯ ಅಂಚಿನಲ್ಲಿ. ಮಂಡಿಪೇಟೆ, ಚೌಕಿಪೇಟೆಯ ಸರಕು ಗಾಡಿಯಲ್ಲಿ ಬಂದು ನಿಲ್ದಾಣದಲ್ಲಿ ಇಳಿದರೆ ಸಾಕಿತ್ತು. ಹಳಿಯ ಆಚೆಗೆ ಬಹುಪಾಲು ಹೊಲ. ದಾಟುವವರು ರೈತರು, ಎತ್ತಿನ ಗಾಡಿಗಳು. ಅವಕ್ಕೆ ಒಂದು ಗೇಟ್ ಸಾಲುತ್ತಿತ್ತು.

ರೈಲಿನಿಂದ ಹತ್ತಿ ವ್ಯಾಪಾರ ಬೆಳೆಯಿತು, ಹತ್ತಿಯಿಂದ ಗಿರಣಿಗಳು ಬಂದವು, ಗಿರಣಿಗಳಿಂದ ಜನ ಬಂದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರೂ ಬಂತು. ಹಳೇ ಊರಿನಲ್ಲಿ ಜಾಗ ಸಾಲದೆ ಜನ ಹಳಿಯ ಆಚೆ ಮನೆ ಕಟ್ಟಿದರು. ಪಿ.ಬಿ. ರಸ್ತೆ, ಪಿ.ಜೆ. ಬಡಾವಣೆ, ವಿದ್ಯಾನಗರ, ಕಾಲೇಜುಗಳು, ಆಸ್ಪತ್ರೆಗಳು ಆ ಕಡೆ ಬೆಳೆದವು. ಸಗಟು ವ್ಯಾಪಾರ, ಮಂಡಕ್ಕಿ ಭಟ್ಟಿ, ದುಡಿಯುವವರ ಓಣಿಗಳು ಈ ಕಡೆ ಉಳಿದವು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾಯಿತು, ಕಚೇರಿಗಳೂ ಬಂದವು. 2011ರ ಜನಗಣತಿ ಹೊತ್ತಿಗೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ.

ಎತ್ತಿನ ಗಾಡಿಗೆ ಮಾಡಿದ ಕಿಂಡಿಯಲ್ಲಿ ಇಷ್ಟು ದೊಡ್ಡ ಊರು ತೂರಿಕೊಳ್ಳಬೇಕಾಯಿತು. ಅಶೋಕ ರಸ್ತೆಯ ಗೇಟ್ ದಶಕಗಳ ಕಾಲ ಊರಿಗೆ ತಲೆನೋವಾದದ್ದು ಇದೇ ಕಾರಣಕ್ಕೆ. ಅದನ್ನು ಸರಿ ಮಾಡುತ್ತೇವೆ ಅನ್ನುವ ಮಾತು ಎಷ್ಟು ಚುನಾವಣೆ ಕಂಡಿದೆಯೋ ಲೆಕ್ಕ ಇಟ್ಟವರಿಲ್ಲ.

ಹತ್ತು ವರ್ಷದ ಕಾನೂನು

ಹಾಗಾದರೆ ರೈಲ್ವೆಯವರೇ ಸೇತುವೆ ಕಟ್ಟಿಕೊಡಬಾರದಾ? ಇಲ್ಲಿ ಕಾನೂನು ನೋಡಬೇಕು.

ಹಳಿ ಹಾಕಿದಾಗ ಅಕ್ಕಪಕ್ಕದ ಜಮೀನಿನವರಿಗೆ ದಾಟಲು ಗೇಟ್, ಮೋರಿ, ದಾರಿ ಮಾಡಿಕೊಡುವುದು ರೈಲ್ವೆಯ ಕರ್ತವ್ಯ. ಆದರೆ ಅದಕ್ಕೊಂದು ಗಡುವು ಇದೆ. ಆ ಹಳಿಯ ಮೇಲೆ ರೈಲು ಓಡಲು ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಹೊಸದಾಗಿ ಇಂಥದ್ದನ್ನು ಮಾಡಿಕೊಡುವ ಹೊಣೆ ರೈಲ್ವೆಗೆ ಇಲ್ಲ. 1890ರ ಕಾಯ್ದೆಯಲ್ಲಿ ಇದ್ದ ಈ ಮಾತು 1989ರ ರೈಲ್ವೆ ಕಾಯ್ದೆಯಲ್ಲೂ ಉಳಿದಿದೆ. ಹೆಚ್ಚಿನ ದಾರಿ ಬೇಕೆಂದರೆ ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ಖರ್ಚು ಕೊಟ್ಟು ಕೇಳಬೇಕು.

ದಾವಣಗೆರೆಗೆ ಈ ಲೆಕ್ಕ ಹಾಕಿ ನೋಡಿ. 1889ಕ್ಕೆ ಹತ್ತು ಕೂಡಿಸಿದರೆ 1899. ಹಳಿಯ ಆಚೆ ಊರು ಬೆಳೆದದ್ದು ಬಹುಪಾಲು ಅದಾದ ಮೇಲೆ. ಹಾಗಾಗಿ ರೈಲ್ವೆಯ ಕಡೆಯಿಂದ ಬರುವ ಮಾತು ಒಂದೇ: ನಿಮ್ಮ ಊರು ಬೆಳೆದರೆ ನಾವೇನು ಮಾಡೋಣ? ಊರಿನವರ ಮಾತು ಇನ್ನೊಂದು: ನಿಮ್ಮ ರೈಲುಗಳೂ ಬೆಳೆದಿಲ್ಲವೇ? ಇಬ್ಬರ ಮಾತನ್ನೂ ತೂಗಿ ನೋಡಲು ರೈಲ್ವೆ ಒಂದು ಅಳತೆಗೋಲು ಇಟ್ಟುಕೊಂಡಿದೆ. ಅದಕ್ಕೆ ಬರುವ ಮುಂಚೆ ಗೇಟ್ ಯಾಕೆ ಅಷ್ಟು ಹೊತ್ತು ಬೀಳುತ್ತದೆ ಅನ್ನುವುದನ್ನು ನೋಡೋಣ. ಜನರ ಸಿಟ್ಟು ಜಾಸ್ತಿ ಇರುವುದು ಅಲ್ಲೇ ಅಲ್ವಾ?

ರೈಲು ಕಾಣಲ್ಲ, ಗೇಟ್ ಮಾತ್ರ ಬಿದ್ದಿದೆ

ಗಂಟೆ ಬಾರಿಸುತ್ತದೆ. ಕೆಂಪು-ಬಿಳಿ ಪಟ್ಟೆಯ ಕಂಬ ಇಳಿಯುತ್ತದೆ. ಅದು ಪೂರ್ತಿ ಇಳಿಯುವಷ್ಟರಲ್ಲಿ ಮೂರು ಬೈಕು, ಒಂದು ಆಟೊ ನುಗ್ಗಿ ಹೋಗುತ್ತವೆ. ಆಮೇಲೆ ನಿಶ್ಶಬ್ದ. ಹಳಿಯ ಎರಡೂ ಕಡೆ ಕಣ್ಣು ಹಾಯಿಸಿದರೂ ರೈಲಿನ ಸುಳಿವಿಲ್ಲ. ಐದು ನಿಮಿಷ ಆಗುತ್ತದೆ. ತಳ್ಳುಗಾಡಿಯವನು ಈರುಳ್ಳಿ ಚೀಲದ ಮೇಲೆ ಕೂರುತ್ತಾನೆ. ಬೈಕಿನವನೊಬ್ಬ ಗಾಡಿಯನ್ನು ಓರೆ ಮಾಡಿ, ತಲೆ ತಗ್ಗಿಸಿ, ಕಂಬದ ಕೆಳಗೆ ತೂರುತ್ತಾನೆ. ಗೇಟ್‌ಮನ್ ಕೂಗುತ್ತಾನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಗೇಟ್‌ಮನ್ ಸುಮ್ನೆ ಬೇಗ ಹಾಕಿಬಿಟ್ಟ ಅಂತ ಜನ ಅಂದುಕೊಳ್ಳುತ್ತಾರೆ. ಸಿಗ್ನಲ್ ಜೊತೆ ಜೋಡಿಸಿದ ಗೇಟ್‌ನಲ್ಲಿ ಅವನ ಇಷ್ಟ ನಡೆಯುವುದೇ ಇಲ್ಲ. ಗೇಟ್ ಬಿದ್ದು ಬೀಗ ಕೂತ ಮೇಲೆಯೇ ರೈಲಿಗೆ ಸಿಗ್ನಲ್ ಕೊಡಲು ಆಗುವುದು. ಗೇಟ್ ಅರ್ಧ ತೆರೆದಿದ್ದರೂ ರೈಲಿಗೆ ಕೆಂಪು. ಹಾಗೆಯೇ, ಒಮ್ಮೆ ಸಿಗ್ನಲ್ ಕೊಟ್ಟ ಮೇಲೆ ರೈಲು ದಾಟುವ ತನಕ ಗೇಟ್ ಏಳುವುದಿಲ್ಲ.

ಈಗ ರೈಲಿನ ಕಡೆಯಿಂದ ನೋಡಿ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುವ ರೈಲು ಒಂದು ನಿಮಿಷಕ್ಕೆ ಸುಮಾರು 1.8 ಕಿ.ಮೀ. ಓಡುತ್ತದೆ. ಬ್ರೇಕ್ ಹಾಕಿದರೆ ನಿಲ್ಲಲು ಹತ್ತಿರ ಹತ್ತಿರ ಒಂದು ಕಿ.ಮೀ. ಬೇಕು. ಲಾರಿಯ ಹಾಗೆ ಗೇಟ್ ನೋಡಿ ನಿಲ್ಲಿಸಲು ಆಗದು. ಅದಕ್ಕೇ ಚಾಲಕನಿಗೆ ಒಂದೆರಡು ಕಿ.ಮೀ. ಮುಂಚೆಯೇ ಸೂಚನೆ ಕಾಣಬೇಕು. ಅವನು ಆ ಸೂಚನೆ ನೋಡುವ ಹೊತ್ತಿಗೆ ಮುಂದಿನ ಸಿಗ್ನಲ್ ಹಸಿರಾಗಿರಬೇಕು. ಅದು ಹಸಿರಾಗಬೇಕಾದರೆ ಅದಕ್ಕೂ ಮುಂಚೆ ಗೇಟ್ ಬಿದ್ದಿರಬೇಕು. ಗೇಟ್ ಬೀಳುವ ಮುಂಚೆ ವಾಹನಗಳು ಖಾಲಿಯಾಗಬೇಕು. ನುಗ್ಗುವ ಪ್ರತಿಯೊಂದು ಬೈಕೂ ಈ ಸರಪಳಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ನುಗ್ಗುತ್ತಾರೆ ಅಂತ ಗೊತ್ತಿರುವುದರಿಂದ ಗೇಟನ್ನು ಇನ್ನೂ ಬೇಗ ಹಾಕಬೇಕಾಗುತ್ತದೆ.

ಗೇಟ್ ನಿಲ್ದಾಣದ ಪಕ್ಕದಲ್ಲೇ ಇದ್ದರೆ ಇನ್ನೊಂದು ತೊಡಕು. ರೈಲು ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರುತ್ತದೆ, ಜನ ಹತ್ತುತ್ತಿರುತ್ತಾರೆ. ಅದು ಹೊರಡಲು ಸಿಗ್ನಲ್ ಬೇಕು, ಸಿಗ್ನಲ್ ಬೀಳಲು ಗೇಟ್ ಹಾಕಬೇಕು. ರಸ್ತೆಯಲ್ಲಿ ನಿಂತವರಿಗೆ ನಿಂತ ರೈಲು ಕಾಣುತ್ತದೆ. ಅದು ನಿಂತೇ ಇದೆಯಲ್ಲ, ಗೇಟ್ ಯಾಕೆ ಹಾಕಿದ್ದೀರಿ ಅಂತ ಜಗಳ ಹತ್ತುತ್ತದೆ. ಗೂಡ್ಸ್ ಆದರಂತೂ ಮುಗಿಯಿತು. ಸುಮಾರು 650–700 ಮೀಟರ್ ಉದ್ದದ ರೈಲು ನಿಂತಲ್ಲಿಂದ ಎಳೆದುಕೊಂಡು ಹೊರಡಬೇಕು. ಗಂಟೆಗೆ 20 ಕಿ.ಮೀ. ವೇಗ ಹಿಡಿದರೂ ಅದೊಂದೇ ಗೇಟ್ ದಾಟಲು ಎರಡು ನಿಮಿಷ ತಿನ್ನುತ್ತದೆ.

ಜೋಡಿ ಹಳಿ ಬಂದ ಮೇಲೆ

ಬೆಂಗಳೂರು–ಹುಬ್ಬಳ್ಳಿ ಮಾರ್ಗ ಮೀಟರ್‌ಗೇಜ್‌ನಿಂದ ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿ ಹಳಿ, ವಿದ್ಯುತ್ ತಂತಿ ಬಂದವು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಇನ್ನೊಂದು. ಎರಡಕ್ಕೂ ದಾವಣಗೆರೆಯಲ್ಲಿ ನಿಲುಗಡೆ. ಪ್ರಯಾಣಿಕರಿಗೆ ಇದು ಒಳ್ಳೆಯದೇ.

ಗೇಟ್ ಹತ್ತಿರ ಮಾತ್ರ ಕಥೆ ಬೇರೆ. ಒಂಟಿ ಹಳಿ ಇದ್ದಾಗ ಎದುರು ಬದುರು ರೈಲುಗಳು ಯಾವುದೋ ನಿಲ್ದಾಣದಲ್ಲಿ ಒಂದಕ್ಕೊಂದು ಕಾಯುತ್ತಿದ್ದವು. ಗೇಟ್‌ಗೆ ಒಂದು ಸಲಕ್ಕೆ ಒಂದೇ ರೈಲು. ಈಗ ಎರಡೂ ಕಡೆಯಿಂದ ಒಂದರ ಹಿಂದೆ ಒಂದು ಬರಬಹುದು. ಒಂದು ದಾಟಿತು ಅನ್ನುವಷ್ಟರಲ್ಲಿ ಇನ್ನೊಂದಕ್ಕೆ ಸಿಗ್ನಲ್ ಕೊಟ್ಟಾಗಿರುತ್ತದೆ. ಗೇಟ್ ಏಳುವುದಿಲ್ಲ.

ಇದರಲ್ಲಿ ಬೇಸರಕ್ಕಿಂತ ಅಪಾಯ ದೊಡ್ಡದು. ರೈಲು ಹೋಯಿತಲ್ಲ ಅಂತ ಕಂಬದ ಕೆಳಗೆ ತೂರಿದವನಿಗೆ, ಹೋಗುತ್ತಿರುವ ರೈಲಿನ ಮರೆಯಲ್ಲಿ ಆಚೆ ಹಳಿಯ ರೈಲು ಕಾಣುವುದಿಲ್ಲ. ವಿದ್ಯುತ್ ರೈಲಿಗೆ ಹಳೆಯ ಡೀಸೆಲ್ ಎಂಜಿನ್ನಿನಷ್ಟು ಸದ್ದೂ ಇಲ್ಲ. ಒಂಟಿ ಹಳಿಯ ಕಾಲದಲ್ಲಿ ಕಲಿತ ಅಭ್ಯಾಸ ಜೋಡಿ ಹಳಿಯಲ್ಲಿ ಜೀವಕ್ಕೆ ಕುತ್ತು. ಅಂದಹಾಗೆ, ಹಾಕಿದ ಗೇಟನ್ನು ಬೇರೆಯವರು ತೆರೆದರೆ ಮೂರು ವರ್ಷದ ತನಕ, ಮುರಿದರೆ ಐದು ವರ್ಷದ ತನಕ ಜೈಲು ಶಿಕ್ಷೆ ಇದೆ.

ಕಾಲು ಲೆಕ್ಕದ ಬೈಕು, ಲೆಕ್ಕಕ್ಕಿಲ್ಲದ ಮನುಷ್ಯ

ಈಗ ಆ ಅಳತೆಗೋಲಿಗೆ ಬರೋಣ. ಯಾವ ಗೇಟ್‌ಗೆ ಸೇತುವೆ ಬೇಕು ಅನ್ನುವುದನ್ನು ರೈಲ್ವೆ ಅಳೆಯುವುದು ಟಿವಿಯು ಎಂಬ ಲೆಕ್ಕದಲ್ಲಿ. ಟ್ರೇನ್ ವೆಹಿಕಲ್ ಯೂನಿಟ್ ಅಂತ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ ಅಂತ ಎಣಿಸಿ ಎರಡನ್ನೂ ಗುಣಿಸುವುದು. ಕಾರು, ಬಸ್ಸು, ಲಾರಿ, ಎತ್ತಿನ ಗಾಡಿ ತಲಾ ಒಂದು. ಆಟೊ ಅರ್ಧ. ಬೈಕು, ಸ್ಕೂಟರ್ ಕಾಲು.

ಒಂದು ಊಹೆಯ ಗೇಟ್ ತೆಗೆದುಕೊಳ್ಳೋಣ. ದಿನಕ್ಕೆ 60 ರೈಲು. ಕಾರು-ಲಾರಿ 1,000, ಆಟೊ 1,200, ಬೈಕು 6,000. ಆಟೊ 600 ಆಯಿತು, ಬೈಕು 1,500 ಆಯಿತು. ಒಟ್ಟು 3,100. ಅದನ್ನು 60ರಿಂದ ಗುಣಿಸಿದರೆ 1,86,000. ಈ ಅಂಕಿ ಒಂದು ಲಕ್ಷ ದಾಟಿದರೆ ಅಲ್ಲಿ ಮೇಲ್ಸೇತುವೆ ಕಟ್ಟಲು ರೈಲ್ವೆ ಅರ್ಧ, ರಾಜ್ಯ ಅರ್ಧ ಖರ್ಚು ಹಾಕುವುದು ಬಹಳ ಕಾಲದ ಪದ್ಧತಿ. ಈಚೆಗೆ ಪೂರ್ತಿ ಖರ್ಚನ್ನು ರೈಲ್ವೆಯೇ ಹೊರುವ ಕಾಮಗಾರಿಗಳೂ ಬರುತ್ತಿವೆ.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ವಾಹನ ಒಂದೂ ಹೆಚ್ಚದೆ ಬರೀ ರೈಲು ಹೆಚ್ಚಿದರೂ ಅಂಕಿ ಏರುತ್ತದೆ. ಮೂವತ್ತು ರೈಲಿದ್ದ ಕಡೆ ಅರವತ್ತಾದರೆ ಅಂಕಿ ದುಪ್ಪಟ್ಟು. ನಿನ್ನೆ ತನಕ ಯಾರೂ ಕೇಳದಿದ್ದ ಹಳ್ಳಿ ಗೇಟ್ ಇದ್ದಕ್ಕಿದ್ದಂತೆ ತೆರವಿನ ಪಟ್ಟಿಗೆ ಬರುವುದು ಹೀಗೂ ಆಗುತ್ತದೆ.

ಎರಡನೆಯದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಈ ಲೆಕ್ಕದಲ್ಲಿ ನಡೆದು ಹೋಗುವವರು ಇಲ್ಲವೇ ಇಲ್ಲ. ಮಂಡಕ್ಕಿ ಚೀಲ ತಲೆ ಮೇಲೆ ಹೊತ್ತವಳು, ಶಾಲೆಗೆ ಹೋಗುವ ಹುಡುಗ, ಆಸ್ಪತ್ರೆಗೆ ಹೊರಟ ಮುದುಕ, ಹತ್ತು ಸಾವಿರ ಜನ ದಾಟಿದರೂ ಗುಣಾಕಾರಕ್ಕೆ ಸೇರುವುದು ಸೊನ್ನೆ. ಲೆಕ್ಕ ಮಾಡಿದವರು ಕೆಟ್ಟವರು ಅಂತಲ್ಲ. ವಾಹನಕ್ಕೂ ರೈಲಿಗೂ ಡಿಕ್ಕಿಯಾಗುವುದನ್ನು ತಪ್ಪಿಸಲು ಹುಟ್ಟಿದ ಲೆಕ್ಕ ಅದು. ಆದರೆ ಲೆಕ್ಕದಲ್ಲಿ ಇಲ್ಲದವರು ನಕ್ಷೆಯಲ್ಲೂ ಸುಲಭವಾಗಿ ಮಾಯವಾಗುತ್ತಾರೆ.

ಮೇಲೋ, ಕೆಳಗೋ

ಮೇಲ್ಸೇತುವೆಗೆ ವಿದ್ಯುತ್ ತಂತಿಯ ಎತ್ತರ ಬಿಡಬೇಕು, ಅದರ ಮೇಲೆ ತೊಲೆಯ ದಪ್ಪ. ರಸ್ತೆ ಎಂಟು ಮೀಟರ್‌ನಷ್ಟಾದರೂ ಏರಬೇಕಾಗುತ್ತದೆ. ಮೂವತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಏರು ಅಂದುಕೊಂಡರೆ ಒಂದೊಂದು ಕಡೆಗೆ 240 ಮೀಟರ್ ಇಳಿಜಾರು. ಬೈಪಾಸಿನಲ್ಲಿ ಇದು ದೊಡ್ಡ ಮಾತಲ್ಲ. ಅಶೋಕ ರಸ್ತೆಯಂಥ ಕಡೆ ಅಷ್ಟು ಉದ್ದಕ್ಕೆ ಎರಡೂ ಕಡೆ ಅಂಗಡಿಗಳಿವೆ. ಒಂದೋ ಅವು ಹೋಗಬೇಕು, ಇಲ್ಲವೇ ಸೇತುವೆಯ ಗೋಡೆಗೆ ಮುಖ ಮಾಡಿ ಕತ್ತಲಲ್ಲಿ ಕೂರಬೇಕು. ಅಂಗಡಿಯವರು ವಿರೋಧಿಸುವುದರಲ್ಲಿ ಆಶ್ಚರ್ಯವೇನಿದೆ?

ಹೀಗಾಗಿ ಊರೊಳಗೆ ಕೆಳಸೇತುವೆಯತ್ತ ಒಲವು ಜಾಸ್ತಿ. ಅಶೋಕ ರಸ್ತೆಯಲ್ಲೂ ಹಿಡಿದದ್ದು ಇದೇ ದಾರಿ. ಹಳಿಯ ಪಕ್ಕದಲ್ಲಿ ಗುಂಡಿ ತೋಡಿ, ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ದು, ಜಾಕ್ ಕೊಟ್ಟು ಇಂಚಿಂಚಾಗಿ ಹಳಿಯ ಕೆಳಗೆ ತಳ್ಳುತ್ತಾರೆ. ಮೇಲೆ ರೈಲು ನಿಧಾನವಾಗಿ ಓಡುತ್ತಲೇ ಇರುತ್ತದೆ. ಜಾಣ ಕೆಲಸ. ಜಾಗವೂ ಕಡಿಮೆ ಸಾಕು, ಖರ್ಚೂ ಕಡಿಮೆ.

ಅದರ ಬೆಲೆ ಮಳೆಗಾಲದಲ್ಲಿ ಕಟ್ಟಬೇಕಾಗುತ್ತದೆ. ಊರಿನಲ್ಲೇ ತಗ್ಗಾದ ಜಾಗ ಯಾವುದು? ನಾವೇ ತೋಡಿದ ಆ ಗುಂಡಿ. ನೀರು ಅಲ್ಲಿಗೇ ಬರುತ್ತದೆ. ತಾನಾಗಿ ಹರಿದು ಹೋಗಲು ಅದಕ್ಕಿಂತ ತಗ್ಗಿನ ಚರಂಡಿ ಬೇಕು, ಇಲ್ಲದಿದ್ದರೆ ಪಂಪ್ ಬೇಕು. ಪಂಪ್‌ಗೆ ಕರೆಂಟ್ ಬೇಕು, ಮಳೆ ಬಂದ ತಕ್ಷಣ ಹೋಗುವುದೇ ಕರೆಂಟ್. ಎತ್ತರ ಕಡಿಮೆ ಇಟ್ಟರೆ ಬಸ್ಸು, ಲೋಡ್ ಲಾರಿ ಹೋಗುವುದಿಲ್ಲ. ತಿರುವು ಕಡಿದಾದರೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ಸಿಕ್ಕಿಹಾಕಿಕೊಳ್ಳುತ್ತದೆ. ಪೆಟ್ಟಿಗೆ ತಳ್ಳುವುದು ರೈಲ್ವೆಯ ಕೆಲಸ, ಕೂಡುರಸ್ತೆ ಮತ್ತು ಚರಂಡಿ ಹೆಚ್ಚಾಗಿ ರಸ್ತೆಯ ಒಡೆತನ ಇರುವವರ ತಲೆ ಮೇಲೆ. ನೀರು ನಿಂತ ದಿನ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಲು ಇಷ್ಟು ಸಾಕು.

ಗೇಟ್ ಬೇಕು ಅನ್ನುವವರ ಮಾತು

ಕಾರು, ಆಂಬುಲೆನ್ಸ್, ಸ್ಕೂಲ್ ಬಸ್ ಕಡೆಯಿಂದ ನೋಡಿದರೆ ಗೇಟ್ ಹೋಗಲೇಬೇಕು. ಗರ್ಭಿಣಿಯನ್ನು ಕರೆದೊಯ್ಯುವ ಗಾಡಿ ಗೂಡ್ಸ್ ರೈಲಿಗೆ ಕಾಯುವುದನ್ನು ಯಾರೂ ಸಮರ್ಥಿಸಲಾರರು. ರೈಲ್ವೆಗೂ ಗೇಟ್ ಬೇಡ. ಮೂರು ಪಾಳಿಗೆ ಗೇಟ್‌ಮನ್‌ಗಳು ಬೇಕು, ಒಂದು ಟೆಂಪೊ ಕಂಬಕ್ಕೆ ಗುದ್ದಿದರೆ ಹಿಂದಿನ ರೈಲೆಲ್ಲ ತಡ, ವೇಗ ಹೆಚ್ಚಿಸಬೇಕೆಂದರೆ ಹಳಿಗೆ ಬೇಲಿ ಹಾಕಬೇಕು, ಗೇಟ್ ಇದ್ದರೆ ಬೇಲಿಯಲ್ಲಿ ತೂತು.

ಗೇಟ್ ಇರಲಿ ಅನ್ನುವವರೂ ಇದ್ದಾರೆ. ಅವರನ್ನು ಅಭಿವೃದ್ಧಿ ವಿರೋಧಿಗಳು ಅಂತ ತಳ್ಳಿಹಾಕುವುದು ಸುಲಭ. ಅವರ ಲೆಕ್ಕ ಸರಳ. ಗೇಟ್‌ನಲ್ಲಿ ಹತ್ತು ನಿಮಿಷ ಕಾದರೂ ಸಮತಟ್ಟಾದ ನೆಲದ ಮೇಲೆ ಐವತ್ತು ಹೆಜ್ಜೆ ಇಟ್ಟರೆ ಆಚೆ ಊರು. ಕೆಳಸೇತುವೆ ಬಂದರೆ ಕಾಯುವುದು ತಪ್ಪುತ್ತದೆ, ಆದರೆ ಇಳಿದು, ಹೊಗೆ ಕುಡಿದು, ಬಸ್ಸಿನ ಪಕ್ಕ ಗೋಡೆಗೆ ಅಂಟಿಕೊಂಡು ನಡೆದು, ಮತ್ತೆ ಏರಬೇಕು. ತಳ್ಳುಗಾಡಿಯವನಿಗೆ ಆ ಏರು ಬೆಟ್ಟ. ಮಂಡಿನೋವಿನ ಅಜ್ಜಿಗೂ ಅಷ್ಟೇ. ಗೇಟ್ ಸುತ್ತಮುತ್ತ ಬದುಕಿದ ಹೂವಿನವರು, ಟೀ ಅಂಗಡಿಯವರ ವ್ಯಾಪಾರವೂ ಕಾಯುವ ಜನರ ಜೊತೆಗೇ ಹೋಗುತ್ತದೆ.

ಪರಿಣಾಮ ಏನಾಗುತ್ತದೆ? ಗೇಟ್ ಮುಚ್ಚಿದರೂ ಜನ ಹಳಿಯ ಮೇಲೆಯೇ ದಾಟುತ್ತಾರೆ. ಈಗ ಗೇಟ್‌ಮನ್ ಇಲ್ಲ, ಗಂಟೆ ಇಲ್ಲ, ಕೂಗುವವರಿಲ್ಲ. ಅವರು ದಾರಿಹೋಕರಾಗಿದ್ದವರು ಕಾನೂನಿನ ಕಣ್ಣಿನಲ್ಲಿ ಅತಿಕ್ರಮ ಪ್ರವೇಶ ಮಾಡಿದವರಾಗುತ್ತಾರೆ. ಸತ್ತರೆ ಗೇಟ್ ಅಪಘಾತದ ಪಟ್ಟಿಗೂ ಸೇರುವುದಿಲ್ಲ. ಗೇಟ್ ಅಪಘಾತ ಕಡಿಮೆಯಾಯಿತು ಅನ್ನುವ ಅಂಕಿ ಸುಳ್ಳಾಗಿರುವುದಿಲ್ಲ, ಆದರೆ ಆ ಊರಿನ ಹಳಿ ಸುರಕ್ಷಿತವಾಯಿತು ಅಂತಲೂ ಅಲ್ಲ.

ನಿಲ್ದಾಣದೊಳಗಿನ ಸೇತುವೆ

ನಡೆಯುವವರಿಗೆ ನಿಲ್ದಾಣದ ಕಾಲುಸೇತುವೆ ಇರುತ್ತದಲ್ಲ ಅನ್ನಬಹುದು. ಅದು ಪ್ಲಾಟ್‌ಫಾರ್ಮ್‌ನಿಂದ ಪ್ಲಾಟ್‌ಫಾರ್ಮ್‌ಗೆ ಹೋಗಲು ಇರುವುದು. ಊರಿನ ಈ ಕಡೆಯಿಂದ ಆ ಕಡೆಗೆ ಹೋಗುವವರು ಅದನ್ನು ಬಳಸಿದರೆ ನಿಯಮದ ಪ್ರಕಾರ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು. ಹತ್ತು ರೂಪಾಯಿ ಕೊಟ್ಟು ದಿನಾ ಎರಡು ಸಲ ರಸ್ತೆ ದಾಟುವವರು ಯಾರು?

ರೈಲು ನಿಲ್ದಾಣಗಳನ್ನು ನವೀಕರಿಸುವ ಅಮೃತ್ ಭಾರತ್ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರೂ ಇವೆ. ನಿಲ್ದಾಣದ ಎರಡೂ ಬದಿಯ ಊರನ್ನು ಜೋಡಿಸುವುದು ಆ ಯೋಜನೆಯ ಗುರಿಗಳಲ್ಲಿ ಒಂದು. ಟಿಕೆಟ್ ಬೇಡದ, ರ‍್ಯಾಂಪ್ ಇರುವ, ಪ್ಲಾಟ್‌ಫಾರ್ಮ್‌ಗೆ ಇಳಿಯದೆ ನೇರ ಆಚೆ ದಾಟಿಸುವ ಕಾಲುಸೇತುವೆಯನ್ನು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ನಿಲ್ದಾಣದ ಮುಂದೆ ಕಮಾನು, ಬಣ್ಣದ ದೀಪ, ಸೆಲ್ಫಿ ಜಾಗದ ಬಗ್ಗೆ ಸುದ್ದಿ ಬರುವಷ್ಟು ಇದರ ಬಗ್ಗೆ ಬರುವುದಿಲ್ಲ.

ಗೇಟೇ ಇಲ್ಲದ ಹೊಸ ಹಳಿ

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ ದಾವಣಗೆರೆಗೆ ಬರುವ ಹೊಸ ಮಾರ್ಗಕ್ಕೆ 2011–12ರಲ್ಲಿ ಮಂಜೂರಾತಿ ಸಿಕ್ಕಿತು. ಉದ್ದ ಸುಮಾರು 191 ಕಿ.ಮೀ. ಖರ್ಚಿನಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ, ಜಮೀನು ರಾಜ್ಯದ್ದು. ಅರಸೀಕೆರೆ, ಬೀರೂರು ಸುತ್ತಿ ಬರುವ ಈಗಿನ ದಾರಿಗಿಂತ ಇದು ಹತ್ತಿರ. 1889ರ ಹಳಿ ತನ್ನನ್ನು ಬಿಟ್ಟು ಹೋದ ಮೇಲೆ ಚಿಕ್ಕಜಾಜೂರಿನ ಕವಲು ಹಳಿಯನ್ನೇ ನೆಚ್ಚಿಕೊಂಡ ಚಿತ್ರದುರ್ಗಕ್ಕೆ ಕೊನೆಗೂ ನೇರ ದಾರಿ.

ಹೊಸ ಮಾರ್ಗಗಳಲ್ಲಿ ಗೇಟ್ ಇಡುವುದಿಲ್ಲ ಅನ್ನುವುದು ಈಗಿನ ನೀತಿ. ದಾಟುವ ಕಡೆಯೆಲ್ಲ ಮೇಲೆ ಅಥವಾ ಕೆಳಗೆ ಸೇತುವೆ. ಹಳೆಯ ತಪ್ಪು ಮತ್ತೆ ಆಗದು, ಸರಿ. ಆದರೆ ಹತ್ತು ವರ್ಷದ ಆ ಗಡುವು ಇಲ್ಲೂ ಇದೆ. ರೈಲು ಓಡಲು ಶುರುವಾದ ದಿನದಿಂದ ಎಣಿಕೆ. ಹೊಲಕ್ಕೆ ಹೋಗುವ ದಾರಿ ಎಲ್ಲಿ, ಕಟಾವು ಯಂತ್ರ ಹಾಯುವಷ್ಟು ಎತ್ತರ ಇದೆಯಾ, ಮಳೆ ನೀರು ಎಲ್ಲಿ ಹೋಗುತ್ತದೆ ಅನ್ನುವುದನ್ನು ಭರಮಸಾಗರದ ಕಡೆಯ ರೈತರು ಈಗಲೇ ಕೇಳಬೇಕು. ಮುಂದೊಂದು ದಿನ ಹಳಿಯ ಆಚೆ ಬಡಾವಣೆ ಎದ್ದ ಮೇಲೆ ಕೇಳಿದರೆ ದಾವಣಗೆರೆಗೆ ಸಿಕ್ಕ ಉತ್ತರವೇ ಅವರಿಗೂ ಸಿಗುತ್ತದೆ.

ಒಂದು ಒಪ್ಪಿಗೆ ಪತ್ರ

ಹಳೆಯ ಗೇಟ್‌ಗಳ ವಿಷಯದಲ್ಲಿ ಊರಿನ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಸೇತುವೆ ಬಂದ ಮೇಲೆ ಗೇಟ್ ಮುಚ್ಚಲು ರಾಜ್ಯದ ಕಡೆಯಿಂದ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಅದು ಜಿಲ್ಲಾಡಳಿತದಿಂದ ಹೋಗುವ ಪತ್ರ. ಕೆಲಸ ಮಂಜೂರಾಗುವ ಹಂತದಲ್ಲೇ ರೈಲ್ವೆ ಅದನ್ನು ಕೇಳುತ್ತದೆ, ಯಾಕೆಂದರೆ ಸೇತುವೆಗೂ ದುಡ್ಡು ಹಾಕಿ ಗೇಟ್‌ಮನ್ ಸಂಬಳವನ್ನೂ ಕೊಡುತ್ತಾ ಕೂರಲು ಅದು ತಯಾರಿಲ್ಲ.

ಆ ಪತ್ರದಲ್ಲಿ ಷರತ್ತು ಹಾಕಬಹುದು. ಕಾಲುದಾರಿ ಬೇರೆ ಇರಬೇಕು, ವಾಹನದ ದಾರಿಗಿಂತ ಮೇಲ್ಮಟ್ಟದಲ್ಲಿರಬೇಕು, ಪಂಪ್ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಬರವಣಿಗೆಯಲ್ಲಿ ಇರಬೇಕು, ಒಂದು ಮಳೆಗಾಲ ಕಳೆದ ಮೇಲೆ ಗೇಟ್ ಮುಚ್ಚಬೇಕು. ಸಹಿ ಬಿದ್ದ ಮೇಲೆ ಇವೆಲ್ಲ ಬರೀ ಮನವಿ. ಸಹಿಗೆ ಮುಂಚೆ ಇವು ಕರಾರು. "ಗೇಟ್ ತೆಗೀತಾರಂತೆ" ಅನ್ನುವ ಸುದ್ದಿ ನಮ್ಮ ಕಿವಿಗೆ ಬೀಳುವುದು ಮಾತ್ರ ಹೆಚ್ಚಾಗಿ ಸಹಿ ಆದ ಮೇಲೆ.